ಹಾಲಿನ ಕವರಿನ ಕಾಡು

ಹೋದ ತಿಂಗಳು ಒಂದು ಸೋಮವಾರ ನಮ್ಮ ಮನೆಯವರ ಅಂಗಿಯ ಎರಡನೆಯ ಗುಂಡಿ ಹೋಯಿತು. ಕೊನೆಯ ಗುಂಡಿ ಹೋದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಎರಡನೆಯದು ಹೋದರೆ ಮನೆ ಬಿಟ್ಟು ಹೊರಡುವುದಿಲ್ಲ. ಹಾಗಾಗಿ ನಾನು ಅಟ್ಟದ ಮೇಲಿನ ಗುಂಡಿ ಡಬ್ಬಿ ಇಳಿಸಿದೆ. ಹೆಸರಿಗೆ ಮಾತ್ರ ಅದು ಗುಂಡಿ ಡಬ್ಬಿ. ಒಳಗೆ ಮುರಿದ ಜಿಪ್ಪು, ಯಾವ ಬೀಗಕ್ಕೂ ಹೊಂದದ ನಾಲ್ಕು ಕೀಲಿಕೈ, ಯಾರದೋ ಮದುವೆಯಲ್ಲಿ ಕೊಟ್ಟ ಕುಂಕುಮದ ಭರಣಿ ಇವೆಲ್ಲ ಇರುತ್ತವೆ. ಅವುಗಳ ಅಡಿಯಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬನ ಉತ್ತರಪತ್ರಿಕೆಯಲ್ಲಿ ಕಟ್ಟಿದ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದೆ. ಮಳೆಯಲ್ಲಿ ನೆನೆದ ಬೆಲ್ಲದ ಗೋಣಿಚೀಲದ್ದು, ಬಿಸಿಲಿಗೆ ಬಿದ್ದ ಧೂಳಿನದು, ಅದರ ಹಿಂದೆ ಒಂದಿಷ್ಟು ಪ್ರಾಣಿಯದು, ಹೀಗೆ ಮೂರು ಸೇರಿದ ವಾಸನೆ ಮೂಗಿಗೆ ಬಂತು.

ಬನಿಯನ್ನಿನಲ್ಲಿ ಕೂತಿದ್ದ ನಮ್ಮ ಮನೆಯವರು ಪಡಸಾಲೆಯಿಂದಲೇ ಕೇಳಿದರು. "ಏನದು, ಹುಣಸಿ ತೊಕ್ಕೇನು?"

"ಅಲ್ಲ. ಕರಡಿದು."

ಕರಡಿಯದು ಏನು ಎಂದು ಅವರು ಕೇಳಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಮನುಷ್ಯ ಯಾವುದನ್ನು ಕೇಳಬಾರದು ಎಂಬುದನ್ನು ಕಲಿತಿರುತ್ತಾನೆ. ಆದರೆ ನೀವು ಕೇಳುತ್ತೀರಿ, ಕೇಳಬೇಕಾದದ್ದೇ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಅಕ್ಕಾರ ಗುಂಡಿ ಡಬ್ಬಿಯಲ್ಲಿ ಕರಡಿಯ ಲದ್ದಿ ಯಾಕಿತ್ತು ಎಂದು ಹೇಳಬೇಕಾದರೆ ನಮ್ಮೂರ ಪಾರ್ಕಿನ ಕಥೆ ಹೇಳಬೇಕು. ಪಾರ್ಕಿನ ಕಥೆ ಹೇಳಬೇಕಾದರೆ ನನ್ನ ಸಕ್ಕರೆ ಕಾಯಿಲೆಯಿಂದ ಶುರು ಮಾಡಬೇಕು.

ಏಳು ವರ್ಷದ ಹಿಂದೆ ಡಾಕ್ಟರು ದಿನಾ ಮುಕ್ಕಾಲು ತಾಸು ನಡೆಯಿರಿ ಅಂದರು. ಎಲ್ಲಿ ಎಂದು ಹೇಳಲಿಲ್ಲ. ಮೊದಲು ಮಾಳಿಗೆಯ ಮೇಲೆ ನಡೆದೆ. ಆ ಕಡೆಗೆ ಇಪ್ಪತ್ತೆರಡು ಹೆಜ್ಜೆ, ಈ ಕಡೆಗೆ ಇಪ್ಪತ್ತೆರಡು. ಮೂರನೆಯ ದಿನ ಪಕ್ಕದ ಮನೆಯಾಕೆ ಕೆಳಗಿನಿಂದ, ಏನು ಕಳಕೊಂಡಿರಿ, ನಾನೂ ಬಂದು ಹುಡುಕಲೇನು ಎಂದು ಕೇಳಿದಳು. ನಾಲ್ಕನೆಯ ದಿನದಿಂದ ಪಾರ್ಕಿಗೆ ಹೋದೆ.

ಪಾರ್ಕು ಎಂದರೆ ಹೂವಿನ ಮಡಿ, ಜೋಕಾಲಿ ಅಂದುಕೊಳ್ಳಬೇಡಿ. ಕೂಡ್ಲಿಗಿಯ ಅಂಚಿನಲ್ಲಿ ಕಣ್ಣು ಹಾಯುವಷ್ಟು ಉದ್ದಕ್ಕೆ ಬಿದ್ದ ಕುರುಚಲು ಕಾಡು ಅದು. ಹಳಬರು ಇವತ್ತಿಗೂ ಅದಕ್ಕೆ ಕಾವಲು ಅಂತಲೇ ಅನ್ನುತ್ತಾರೆ. ಪಾಳೆಯಗಾರರ ಕಾಲದಲ್ಲಿ ಅಲ್ಲಿ ಕುದುರೆ ಮೇಯುತ್ತಿದ್ದವಂತೆ. ಯಾವ ಪಾಳೆಯಗಾರರು ಎಂದು ಕೇಳಿದರೆ ಗುಡೇಕೋಟೆಯ ದಿಕ್ಕಿಗೆ ಕೈ ತೋರಿಸುತ್ತಾರೆ. ಕುದುರೆ ಹೋದ ಮೇಲೆ ಆಡು ಕುರಿ ಬಂದವು. ಆಮೇಲೆ ನಂಬರು ಕೊರೆದ ಕಲ್ಲು ನೆಟ್ಟು, ಇನ್ನು ಮುಂದೆ ಇದು ಸರ್ಕಾರದ್ದು ಅಂದರು. ಸಾಲಾಗಿ ನೀಲಗಿರಿ ಹಚ್ಚಿದರು. ನೀಲಗಿರಿ ಇದ್ದಬದ್ದ ನೀರು ಕುಡಿದು ಎತ್ತರವಾಗಿ, ಕಡಿಸಿಕೊಂಡು ಲಾರಿ ಹತ್ತಿ ಹೋದವು. ಬಿಟ್ಟ ಜಾಗದಲ್ಲಿ ಯಾರೂ ಹಚ್ಚದ ಕಾರಿ, ಕವಳಿ, ಬಾರಿ ಮುಳ್ಳು ತಾವೇ ಎದ್ದು ಬಂದವು. ಅಷ್ಟರಲ್ಲಿ ಊರು ಬೆಳೆಯುತ್ತ ಬೆಳೆಯುತ್ತ ಅದರ ಮಗ್ಗುಲಿಗೇ ಬಂದು ಕೂತಿತು. ಒಂದು ದಿನ ನೋಡಿದರೆ ಮರದ ದಿಮ್ಮಿಯಂತೆ ಕಾಣುವ ಸಿಮೆಂಟಿನ ಬಾಗಿಲು, ಅದರ ಮೇಲೆ ಹಸಿರು ಬೋರ್ಡು. ಊರ ಹೊರಗಿದ್ದ ಕಾಡು ಹೀಗೆ ಊರೊಳಗಿನ ಪಾರ್ಕಾಯಿತು. ಕಾಡೇನೂ ಜಾಗ ಬಿಟ್ಟು ಬಂದಿರಲಿಲ್ಲ.

ಬಾಗಿಲು ದಾಟಿದರೆ ಸಿಮೆಂಟಿನ ಜಿಂಕೆ, ಒಂದೇ ಕೊಂಬಿನದು. ಕಸ ಹಾಕಲು ಬಾಯಿ ತೆರೆದು ನಿಂತ ಪೆಂಗ್ವಿನ್ನುಗಳು, ಏಳು. ಕರಡಿ ಇರುವ ಸೀಮೆಯಲ್ಲಿ ಕಸ ತಿನ್ನಲು ಪೆಂಗ್ವಿನ್ ಯಾಕೆ ಬೇಕಾಯಿತೋ ತಿಳಿಯದು. ಪೆಂಗ್ವಿನ್ನು ದಾಟಿ ನೂರು ಹೆಜ್ಜೆ ಹೋದರೆ ಮನುಷ್ಯರ ಕೆಲಸ ಮುಗಿಯುತ್ತಿತ್ತು. ಯಾರೋ ಹೊತ್ತು ತಂದು ದಣಿವಾಗಿ ಇಳಿಸಿ ಹೋದಂತೆ ಒಂದರ ಮೇಲೊಂದು ಗುಂಡುಕಲ್ಲು. ಕಲ್ಲಿನ ಸಂದಿಯಲ್ಲಿ ಕಮರದ ಮರ. ಅದರ ಎಲೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಜೋಡಿ ಜೋಡಿ. ತಂಗಡಿ, ಬಂದರಿ, ಆಳೆತ್ತರದ ಹುತ್ತ. ವರ್ಷಕ್ಕೆ ಎಂಟು ದಿನ ಹರಿದು ಉಳಿದ ದಿನ ತಾನು ಹಳ್ಳ ಎಂದು ಹೇಳಿಕೊಳ್ಳುವ ಒಂದು ಹಳ್ಳ. ಬೆಳಗಾದರೆ ಕೌಜುಗ ಹಕ್ಕಿ ಯಾರನ್ನೋ ಬೈದು ಎಬ್ಬಿಸುವಂತೆ ಕೂಗುತ್ತಿತ್ತು. ಮೂರು ಕಡೆ ತಂತಿಬೇಲಿ. ನಾಲ್ಕನೆಯ ಕಡೆ ಬಂಡೆಯನ್ನೇ ಬೇಲಿ ಎಂದು ತಿಳಿದು ಬಿಟ್ಟಿದ್ದರು. ಆ ಬಂಡೆಯ ಹಿಂದಿನಿಂದ ಗುಡ್ಡದ ಮೇಲೆ ಗುಡ್ಡ, ಗುಡೇಕೋಟೆಯವರೆಗೂ.

ನಮ್ಮೂರಲ್ಲಿ ವಾಯುವಿಹಾರಿಗಳ ಬಳಗ ಅಂತ ಒಂದಿತ್ತು, ಈಗಲೂ ಇದೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ರಾಜಶೇಖರಪ್ಪನವರು ಅದರ ಮುಖ್ಯಸ್ಥರು. ಬಳಗದವರೆಲ್ಲ ಎಡದಿಂದ ಬಲಕ್ಕೆ ಸುತ್ತುತ್ತಿದ್ದರು. ನಾನು ಗೊತ್ತಿಲ್ಲದೆ ಮೊದಲ ದಿನವೇ ಬಲದಿಂದ ಎಡಕ್ಕೆ ಹೊರಟು, ಪ್ರತಿ ಸುತ್ತಿಗೂ ಎರಡೆರಡು ಸಲ ಎಲ್ಲರಿಗೂ ನಮಸ್ಕಾರ ಮಾಡಿ ಸುಸ್ತಾದೆ. ಅದೇ ರೂಢಿಯಾಯಿತು. ಹಾಗೆ ಎದುರುಮುಖವಾಗಿ ನಡೆದದ್ದರಿಂದಲೇ ಪಾಲಯ್ಯ ಸಿಕ್ಕಿದ್ದು. ಅವನೂ ಬಲದಿಂದ ಎಡಕ್ಕೇ ಸುತ್ತುತ್ತಿದ್ದ.

ಪಾಲಯ್ಯ ಪಾರ್ಕಿನ ಕಾವಲುಗಾರ. ಕಾಯಂ ಅಲ್ಲ, ದಿನಗೂಲಿ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಖಾಕಿ ಅಂಗಿ, ಮೊಳಕಾಲವರೆಗೆ ಕಟ್ಟಿದ ಲುಂಗಿ, ಹೆಗಲಿಗೊಂದು ಚೀಲ. ನೆಲ ನೋಡುತ್ತಲೇ ನಡೆಯುತ್ತಿದ್ದ. ಒಂದು ದಿನ ಬಂಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಏನನ್ನೋ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ನಾನು ಬಗ್ಗಿದೆ. ಕಪ್ಪಗೆ ಹೊಳೆಯುವ ಮುದ್ದೆ, ನಡುನಡುವೆ ಕಂದು ಬೀಜ, ಬೆಲ್ಲದ ಘಮ. ಹುಣಸೆಹಣ್ಣು ಬೆಲ್ಲ ಕುಟ್ಟಿ ಮಾಡುವ ಉಂಡೆ ನಮ್ಮ ತವರಲ್ಲೂ ಮಾಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಕೈ ಮೊದಲು ಹೋಗುತ್ತದೆ, ಬುದ್ಧಿ ಆಮೇಲೆ.

ಪಾಲಯ್ಯ ಅಂಗೈ ಹಿಂದಕ್ಕೆ ತೆಗೆದುಕೊಂಡ. "ತಿನ್ನಾಂಗಿಲ್ರಿ ಅಕ್ಕಾರ. ಇದನ್ನ ಒಮ್ಮಿ ತಿಂದಾಗೈತಿ."

ಯಾರು ಅಂದೆ. ಕಂಬಳಿಯಾತ ಅಂದ. ಕಾಡಿನೊಳಗೆ ಅವನು ಕರಡಿಯ ಹೆಸರು ಹಿಡಿಯುತ್ತಿರಲಿಲ್ಲ. ನಾನು ಕುರಿಯವರು ಯಾರಾದರೂ ಇದ್ದಾರೇನೋ ಎಂದು ಸುತ್ತ ನೋಡಿದೆ. ಅವನು ಬಂಡೆ ತೋರಿಸಿ, ಮೈತುಂಬ ಕರಿಕೂದಲಿನಾತ, ನಸುಕಿನಾಗ ಇಳಿದು ಬಂದು ಹಣ್ಣು ತಿಂದು ಹೊತ್ತು ಮೂಡೋದ್ರಾಗ ಮನಿಗೆ ಹೋಗ್ಯಾನ ಎಂದು ನಿಧಾನವಾಗಿ ಬಿಡಿಸಿ ಹೇಳಿದ. ಆ ದಿನ ನಾನು ಮುಕ್ಕಾಲು ತಾಸಿನ ನಡಿಗೆಯನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆ.

ಮರುದಿನ ಹೋಗದೆ ಇರಬಹುದಿತ್ತು. ಆದರೆ ಆ ಲದ್ದಿಯನ್ನು ಏನು ಮಾಡುತ್ತಾನೆ ಎಂಬುದು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯಿತು. ಕೇಳಿದೆ. ಅವನು ಪಂಪ್ ಮನೆಯ ಹಿಂದೆ ಕರೆದುಕೊಂಡು ಹೋದ. ಹಾಲಿನ ಕವರುಗಳು, ಇನ್ನೂರರ ಮೇಲಿದ್ದಿರಬೇಕು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿದ್ದವು. ಪ್ರತಿಯೊಂದರಲ್ಲೂ ಒಂದೊಂದು ಸಸಿ. ಕಕ್ಕೆ, ಕವಳಿ, ಕಾರಿ, ಬಾರಿ. ಕಕ್ಕೆಯ ಬೀಜವನ್ನು ಹಾಗೇ ನೆಲಕ್ಕೆ ಹಾಕಿದರೆ ಕಲ್ಲಿನಂತೆ ವರ್ಷಗಟ್ಟಲೆ ಮಲಗಿರುತ್ತದಂತೆ. ಕರಡಿಯ ಹೊಟ್ಟೆ ಹೊಕ್ಕು ಬಂದರೆ ಸಿಪ್ಪೆ ಸಡಿಲಾಗಿ, ಜತೆಗೆ ಗೊಬ್ಬರವನ್ನೂ ಕಟ್ಟಿಕೊಂಡು ಬಂದು, ಎರಡು ಮಳೆಗೆ ಎದ್ದುಬಿಡುತ್ತದಂತೆ. ಪಾರ್ಕಿನ ಉದ್ಘಾಟನೆಗೆಂದು ಎಲ್ಲಿಂದಲೋ ತಂದು ಹಚ್ಚಿದ ಹೂವಿನ ಗಿಡಗಳು ಮೊದಲ ಬೇಸಿಗೆಗೇ ಒಣಗಿ, ಅವುಗಳ ಹೆಸರಿನ ಬೋರ್ಡು ಮಾತ್ರ ಚೆನ್ನಾಗಿ ಬದುಕಿದ್ದವು. ಪಾಲಯ್ಯ ಆ ಒಂದೊಂದು ಬೋರ್ಡಿನ ಬುಡಕ್ಕೂ ಕರಡಿ ಹಚ್ಚಿದ ಗಿಡ ಇಡಬೇಕೆಂದಿದ್ದ. ಬೋರ್ಡಿನಲ್ಲಿ ಏನು ಬರೆದಿದೆ ಎಂಬುದು ಅವನಿಗೆ ಮುಖ್ಯವಾಗಿರಲಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ.

ಅಂದಿನಿಂದ ನಾನು ಹಾಲಿನ ಕವರು ತೊಳೆದು, ಬಟ್ಟೆಯ ಹಗ್ಗಕ್ಕೆ ಒಣಹಾಕಿ ತಂದುಕೊಟ್ಟೆ. ಅರ್ಧ ಲೀಟರಿನದೇ ಬೇಕು ಎನ್ನುತ್ತಿದ್ದ. "ಒಂದು ಲೀಟರಿಂದ್ರಾಗ ಸಸಿ ಆರಾಮ ಕುಂತುಬಿಡ್ತಾವ್ರಿ." ಕವರಿನ ಮೇಲೆ ಬಿತ್ತಿದ ತಾರೀಖು, ಗಿಡದ ಹೆಸರು ಬರೆಯುವುದು ನನ್ನ ಪಾಲಿಗೆ ಬಂತು. ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಈ ಕಥೆಗೆ ಬೇಕು.

ಅಕ್ಷರ ಚೆನ್ನಾಗಿರುವವರಿಗೆ ಇರುವ ತೊಂದರೆ ಎಂದರೆ ಅರ್ಜಿ. ನಮ್ಮ ಓಣಿಯ ನಲ್ಲಿ, ಬೀದಿದೀಪ, ಬಸ್ಸಿನ ನಿಲುಗಡೆ ಎಲ್ಲದಕ್ಕೂ ಅರ್ಜಿ ಬರೆದವಳು ನಾನೇ. ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಒಮ್ಮೆ ದೂರ ಹಿಡಿದು ನೋಡಿ, ಮುತ್ತು ಪೋಣಿಸಿದಂಗೈತಿ ನೋಡ್ರಿ ಎಂದು ಸಹಿ ಮಾಡುತ್ತಿದ್ದರು. ನನಗೂ ಅರ್ಜಿಯ ಒಂದು ಮಟ್ಟು ಕೂತುಬಿಟ್ಟಿತ್ತು. ಮೊದಲು ಮಾನ್ಯರೇ. ಆಮೇಲೆ ತೊಂದರೆ. ಆಮೇಲೆ ಸಾರ್ವಜನಿಕರಿಗೆ ಪ್ರಾಣಭೀತಿ. ಆಮೇಲೆ ಸಂಬಂಧಪಟ್ಟವರ ನಿರ್ಲಕ್ಷ್ಯ. ನಿರ್ಲಕ್ಷ್ಯದ ಸಾಲು ಇಲ್ಲದ ಅರ್ಜಿ ಒಗ್ಗರಣೆ ಇಲ್ಲದ ಸಾರಿನಂತೆ ಕಾಣುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಬಳಗದ ಒಬ್ಬರು ನಡಿಗೆಯ ದಾರಿಯ ಮೇಲೆ ಲದ್ದಿ ನೋಡಿದರು. ಅದು ಕರಡಿಯದೆಂದು ಗೊತ್ತಾದ ದಿನವೇ ರಾಜಶೇಖರಪ್ಪನವರು ನಮ್ಮ ಮನೆಗೆ ಬಂದರು. ಮುಳ್ಳು ಸವರಿಸಬೇಕು, ದೀಪ ಹಾಕಿಸಬೇಕು, ಅರ್ಜಿ ಬೇಕು ಅಂದರು. ಚಹಾ ಕುಡಿದು ಮುಗಿಸುವುದರೊಳಗೆ ಬರೆದುಕೊಟ್ಟೆ. ಮುಳ್ಳುಕಂಟಿ ಎಂದು ಬರೆದೆ, ಪ್ರಾಣಭೀತಿ ಎಂದು ಬರೆದೆ. ನಿರ್ಲಕ್ಷ್ಯದ ಜಾಗ ಬಂದಾಗ ಸಂಬಂಧಪಟ್ಟವರು ಅನ್ನುವ ಮಾತು ಬಹಳ ಸಲ ಆಯಿತಲ್ಲ ಅನ್ನಿಸಿ, ಸ್ವಲ್ಪ ಹೊಸತಿರಲಿ ಎಂದು 'ಕಾವಲುಗಾರರ ನಿರ್ಲಕ್ಷ್ಯದಿಂದ' ಎಂದು ಹಾಕಿದೆ. ನಿಮ್ಮ ಮೇಲಾಣೆ, ಬರೆಯುವಾಗ ಪಾಲಯ್ಯನ ಮುಖ ನನ್ನ ಕಣ್ಣ ಮುಂದೆ ಬರಲೇ ಇಲ್ಲ. ವಾಕ್ಯ ಮಾತ್ರ ಕಾಣುತ್ತಿತ್ತು. ಚಂದದ ವಾಕ್ಯ. ಇಪ್ಪತ್ಮೂರು ಮಂದಿ ಸಹಿ ಮಾಡಿದರು. ನಾನೂ ಮಾಡಿದೆ.

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಪಾಲಯ್ಯ ಮನೆ ಬಾಗಿಲಿಗೆ ಬಂದ. ಅದೇ ಮೊದಲು. ಒಳಗೆ ಬಾ ಅಂದರೂ ಕಟ್ಟೆಯ ಮೇಲೇ ಕೂತ. ತನ್ನನ್ನು ಸೋಮವಾರದಿಂದ ಗುಡೇಕೋಟೆ ಕಡೆಗೆ ಹಾಕಿದ್ದಾರೆ, ಇಲ್ಲಿ ಜೆಸಿಬಿ ತರಿಸಿ ಮುಳ್ಳು ತೆಗೆಸಿ ಪಂಪ್ ಮನೆ ಸುತ್ತ ಸಾಪು ಮಾಡುತ್ತಾರಂತೆ ಎಂದ. ಧ್ವನಿಯಲ್ಲಿ ದೂರು ಇರಲಿಲ್ಲ. ಹೋಗೋದಕ್ಕೇನ್ರಿ, ಅಲ್ಲೂ ಕಂಬಳಿಯಾತನ ಮಂದಿ ಅದಾರ ಅಂದ. ಅವನಿಗೆ ಚಿಂತೆ ಇದ್ದದ್ದು ಕವರಿನ ಸಸಿಗಳದು. ಮಳೆ ಹಿಡಿಯುವ ತನಕ, ಇನ್ನೊಂದು ತಿಂಗಳು, ಅವುಗಳನ್ನು ಮುಟ್ಟದೆ ಬಿಡಬೇಕೆಂದು ಒಂದು ಅರ್ಜಿ ಬರೆದುಕೊಡಬೇಕಿತ್ತು.

ನಾನು ಹಾಳೆ ತಂದೆ, ಪೆನ್ನು ತಂದೆ. ಮಾನ್ಯರೇ ಎಂದು ಬರೆದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಇದೇ ಅಕ್ಷರ ಅದೇ ಮೇಜಿಗೆ ಹೋಗುತ್ತದಲ್ಲ ಅನ್ನಿಸಿತು. ಅಕ್ಷರ ಬಲಕ್ಕೆ ವಾಲಿಸಿ ನೋಡಿದೆ. ನಮ್ಮ ಮನೆಯವರ ಕೈಯಲ್ಲಿ ಬರೆಸೋಣವೆಂದರೆ ಅವರ ಅಕ್ಷರ ಅವರಿಗೇ ತಿಳಿಯುವುದಿಲ್ಲ. ಕೊನೆಗೆ ಪಾಲಯ್ಯನಿಗೆ, ಬೇರೆಯವರ ಕೈಲಿ ಬರೆಸಪ್ಪ, ನನ್ನದು ಅಷ್ಟೇನೂ ನಡೆಯುವುದಿಲ್ಲ ಅಂದೆ.

ಅವನು ಟವಲಿನಿಂದ ಮುಖ ಒರೆಸಿಕೊಂಡ. "ನಡೀತೈತ್ರಿ. ಮೊದಲಿಂದೂ ನಿಮ್ಮ ಅಕ್ಷರಾನ ಅಲ್ರಿ? ನನ್ನ ಕರೆಸಿದಾಗ ಮೇಜಿನ ಮ್ಯಾಲಿತ್ತು. ನನಗ ಓದಾಕ ಬರಂಗಿಲ್ಲ ಖರೆ, ನಮ್ಮ ಕವರಿನ ಮ್ಯಾಲಿನ ಅಕ್ಷರ ಗುರ್ತು ಸಿಗಂಗಿಲ್ಲೇನು? ಅದು ಭಾಳ ಚಲೋ ಕೆಲಸ ಮಾಡ್ತು. ಅದಕ್ಕ ನಿಮ್ಮಂತ್ಯಾಕ ಬಂದೀನಿ."

ಚುಚ್ಚಿ ಆಡಿದ ಮಾತಲ್ಲ ಅದು. ಚುಚ್ಚಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು. ಒಳ್ಳೆಯ ಗರಗಸ ಯಾರ ಮನೆಯಲ್ಲಿದೆ ಎಂದು ಗೊತ್ತಿದ್ದು ಕೇಳಲು ಬಂದವನಂತೆ ಕೂತಿದ್ದ. ನಾನು ಬರೆದೆ. ಪ್ರಾಣಭೀತಿ ಇಲ್ಲ, ನಿರ್ಲಕ್ಷ್ಯ ಇಲ್ಲ, ಇನ್ನೂರು ಸಸಿ ಇವೆ, ಒಂದು ತಿಂಗಳು ಬಿಡಿ ಎಂದು ಮೂರೇ ಸಾಲು. ಹೆಬ್ಬೆಟ್ಟು ಒತ್ತಿಸಿ ಕಳಿಸಿದೆ. ಒಗ್ಗರಣೆ ಇರಲಿಲ್ಲವೋ ಏನೋ, ಅದಕ್ಕೆ ಉತ್ತರ ಬರಲಿಲ್ಲ.

ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ನಾನು ಎರಡೆರಡು ಕೈಚೀಲ ಹಿಡಿದು ನಡೆಯಲು ಹೋದೆ. ಪಂಪ್ ಮನೆಯ ಹಿಂದೆ ತುಂಬಿಸಿಕೊಳ್ಳುವುದು, ಹಳ್ಳದ ಬಂಡೆಗಳ ಸಂದಿಗೆ ಒಯ್ದು ಕೊಡುವುದು. ಪಾಲಯ್ಯ ಅಲ್ಲಿ ಕುಣಿ ತೋಡಿ ಇಡುತ್ತಿದ್ದ. ಆ ಸಂದಿಗೆ ಜೆಸಿಬಿ ಇಳಿಯುವುದಿಲ್ಲ ಎಂಬುದು ಅವನ ಲೆಕ್ಕ. ಎದುರಿಗೆ ಬಂದ ರಾಜಶೇಖರಪ್ಪನವರು ಚೀಲದಲ್ಲೇನು ಎಂದರು. ಹಾಲಿನ ಕವರು ಅಂದೆ. ಎರಡನೆಯ ಸುತ್ತಿಗೂ ಅದನ್ನೇ ಕೇಳಿದರು, ಅದನ್ನೇ ಹೇಳಿದೆ. ಅರವತ್ತೋ ಎಪ್ಪತ್ತೋ ಸಸಿ ಹಳ್ಳ ಸೇರಿದವು. ಉಳಿದವು ಸೋಮವಾರ ಹೋದವು.

ಗುಡೇಕೋಟೆ ಬಸ್ಸು ಹತ್ತುವ ಮುಂಚೆ ಪಾಲಯ್ಯ ಬಿತ್ತದೆ ಉಳಿದಿದ್ದ ಒಂದು ಹಿಡಿ ಲದ್ದಿ ಕೊಟ್ಟ. ಹಳ್ಳದ ಸಸಿ ಬದುಕದಿದ್ದರೆ ಇವನ್ನು ಹಾಕಿ ನೋಡ್ರಿ ಅಂದ. ಕೈಗೆ ಸಿಕ್ಕ ಉತ್ತರಪತ್ರಿಕೆಯಲ್ಲಿ ಕಟ್ಟಿಟ್ಟೆ. ಆ ವರ್ಷವೇ ನನಗೆ ಹಡಗಲಿ ತಾಲೂಕಿನ ಇಟ್ಟಿಗಿಗೆ ವರ್ಗವಾಯಿತು. ಪೊಟ್ಟಣ ಗುಂಡಿಗಳ ಜತೆ ಹೋಯಿತು, ಗುಂಡಿಗಳ ಜತೆಯಲ್ಲೇ ವಾಪಸು ಬಂತು. ಹೋದ ವರ್ಷ ಕೂಡ್ಲಿಗಿಗೆ ಮರಳಿ ಬಂದ ಮೇಲೂ ನಾನು ಪಾರ್ಕಿನ ಕಡೆ ಹೋಗಿರಲಿಲ್ಲ. ಮಾಳಿಗೆಯ ಮೇಲೇ ನಡೆಯುತ್ತಿದ್ದೆ. ಈ ಮನೆಯ ಮಾಳಿಗೆ ಇಪ್ಪತ್ತಾರು ಹೆಜ್ಜೆ.

ಗುಂಡಿ ಹಚ್ಚಿಕೊಟ್ಟು, ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಆ ಸೋಮವಾರ ಹೋದೆ. ಪೆಂಗ್ವಿನ್ನು ಮೂರು ಉಳಿದಿದ್ದವು. ಪಂಪ್ ಮನೆಯ ಸುತ್ತ ಕಲ್ಲು ಹಾಸಿ ಸಾಪು ಮಾಡಿದ್ದರು. ಆರು ವರ್ಷವಾದರೂ ಅಲ್ಲಿ ನೆರಳಿಲ್ಲದೆ ಯಾರೂ ಕೂರುತ್ತಿರಲಿಲ್ಲ. ಹಳ್ಳದ ತಿರುವಿಗೆ ಬಂದೆ. ಬಂಡೆಗಳ ನಡುವೆ ಕಕ್ಕೆ ಹೂ ಬಿಟ್ಟು ನಿಂತಿದ್ದವು. ಹನ್ನೊಂದು ಮರ, ನಾನು ಎಣಿಸುವುದು ಬಿಡುವುದಿಲ್ಲ. ಎಲೆ ಕಾಣದಷ್ಟು ಹಳದಿ, ಗೊಂಚಲು ಗೊಂಚಲಾಗಿ ಕೆಳಮುಖ. ಬುಡದಲ್ಲಿ ಕವಳಿ, ಕಾರಿ ಒತ್ತಾಗಿ ಬೆಳೆದು ಕಾಲಿಡಲು ಜಾಗವಿಲ್ಲ. ಒಳಗೆಲ್ಲೋ ಕೌಜುಗ ಬೈಯುತ್ತಿತ್ತು. ಬಂಡೆಯ ಮೇಲೆ ಕಪ್ಪಗೆ ಹೊಳೆಯುವ ಮುದ್ದೆ, ಹೊಸದು. ನಾನು ಅದಕ್ಕೆ ಕೈ ಚಾಚಲಿಲ್ಲ. ಪೊಟ್ಟಣವನ್ನೂ ಬಿಚ್ಚಲಿಲ್ಲ. ಅಲ್ಲಿ ನನ್ನ ಬೀಜಕ್ಕೆ ಕೆಲಸವಿರಲಿಲ್ಲ.

ಹಿಂದಿನಿಂದ ರಾಜಶೇಖರಪ್ಪನವರು ಬಂದರು. ಈಗ ಊರುಗೋಲು ಬಂದಿದೆ, ಸುತ್ತುವ ದಿಕ್ಕು ಬದಲಾಗಿಲ್ಲ. ಫೋಟೋ ತೆಗೆಸಿಕೊಳ್ಳಲು ಹರಪನಹಳ್ಳಿಯಿಂದೆಲ್ಲ ಜೋಡಿಗಳು ಈ ಹಳದಿ ಮರಕ್ಕೆ ಬರುತ್ತಾರೆಂದು ಹೆಮ್ಮೆಯಿಂದ ಹೇಳಿದರು. ಇಲಾಖೆಯವರು ಭಾಳ ಯೋಚನೆ ಮಾಡಿ ಹಚ್ಚ್ಯಾರ ಅಂದರು. ಆಮೇಲೆ ಬಂಡೆಯ ಮೇಲಿನ ಲದ್ದಿಯನ್ನು ಕೋಲಿನಿಂದ ತೋರಿಸಿ ದನಿ ತಗ್ಗಿಸಿದರು.

"ನೀವು ಬಂದಿದ್ದು ಚಲೋ ಆತು ಅಕ್ಕಾರ. ಮತ್ತ ಅದು ಬರಾಕ ಹತ್ತೈತಿ. ಈ ಮುಳ್ಳೆಲ್ಲ ತಗಸಿ ಮರದ ತನಕ ಕಲ್ಲು ಹಾಸಿಸಬೇಕು. ಒಂದು ಅರ್ಜಿ ಬರದು ಕೊಡ್ರಿ. ಹಳೇದು ಹೆಂಗ ಕೆಲಸ ಮಾಡ್ತು ನೋಡ್ರಿ."

ಬರೆಯುತ್ತೇನೆ ಅಂದೆ.

ಆ ಅರ್ಜಿಗೆ ಒಂದು ವಾರ ತೆಗೆದುಕೊಂಡೆ. ಮಾನ್ಯರೇ ಎಂದು ಶುರು ಮಾಡಿದೆ. ಹಳ್ಳದ ಮುಳ್ಳುಕಂಟಿಯನ್ನು ದಯವಿಟ್ಟು ತೆಗೆಸಬೇಡಿ, ಕಲ್ಲು ಹಾಸಬೇಡಿ, ಅಲ್ಲಿನ ಹಳದಿ ಮರಗಳನ್ನು ಹಚ್ಚಿದ್ದು ಕರಡಿ ಮತ್ತು ಪಾಲಯ್ಯ ಎಂಬ ಕಾವಲುಗಾರ, ನಸುಕಿನಲ್ಲಿ ಆ ಕಡೆ ಯಾರೂ ಹೋಗದಂತೆ ಒಂದು ಹಗ್ಗ ಕಟ್ಟಿದರೆ ಸಾಕು ಎಂದು ಬರೆದೆ. ಆಮೇಲೆ ನಿರ್ಲಕ್ಷ್ಯದ ಸಾಲು ಬಂತು. ಆರು ವರ್ಷದ ಹಿಂದಿನ ಅರ್ಜಿಯಲ್ಲಿ ಕಾವಲುಗಾರರ ನಿರ್ಲಕ್ಷ್ಯ ಎಂದಿರುವುದು ಸುಳ್ಳು, ನಿರ್ಲಕ್ಷ್ಯ ಅದನ್ನು ಬರೆದವಳದು ಎಂದು ಬರೆದು, ನನ್ನ ಹೆಸರು ಹಾಕಿದೆ. ಕೊನೆಗೆ ಪ್ರತಿಗಳು ಎಂದು ಬರೆದು ಅದರ ಕೆಳಗೆ ಪಾಲಯ್ಯ, ಗುಡೇಕೋಟೆ ಎಂದು ಸೇರಿಸಿದೆ.

ರಾಜಶೇಖರಪ್ಪನವರು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ನಾನು ಓದಿ ಹೇಳುತ್ತೇನೆ, ಹಳೆಯದರ ಹಾಗಿಲ್ಲ ಇದು, ಕೇಳಿ ಸಹಿ ಮಾಡಿರಿ ಅಂದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು.

"ನಿಮ್ಮ ಅಕ್ಷರ ಓದಿ ನೋಡಬೇಕೇನ್ರಿ," ಎಂದು ಮೊದಲ ಸಹಿ ಮಾಡಿದರು. ಉಳಿದವರಿಗೂ ಹೇಳಿದೆ. ಇಬ್ಬರು ನಿಂತು ಪೂರ್ತಿ ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅವರೂ ಸಹಿ ಮಾಡಿದರು. ಹತ್ತೊಂಬತ್ತು ಸಹಿ. ಕಚೇರಿಗೆ ನಾನೇ ಹೋಗಿ ಕೊಟ್ಟೆ. ಸಹಿ ಸಮೇತ ತೆಗೆಸಿದ ಜೆರಾಕ್ಸ್ ಪ್ರತಿಯನ್ನು ಗುಡೇಕೋಟೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಓದಿ ಹೇಳಪ್ಪ, ಅವರಿಗೆ ಓದು ಬರುವುದಿಲ್ಲ ಅಂದೆ. ಅವನು ನನ್ನ ಹಳೆಯ ವಿದ್ಯಾರ್ಥಿ, ಒತ್ತಕ್ಷರ ಒಂದು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿ ಓದುತ್ತಾನೆ.

ಕಚೇರಿಯಿಂದ ಉತ್ತರ ಇನ್ನೂ ಬಂದಿಲ್ಲ. ಹಳ್ಳದ ಮುಳ್ಳು ಇವತ್ತು ಬೆಳಿಗ್ಗೆಯವರೆಗೆ ಹಾಗೇ ಇತ್ತು, ನೋಡಿಕೊಂಡೇ ಬಂದಿದ್ದೇನೆ. ಪಾಲಯ್ಯನ ಉತ್ತರ ಮಾತ್ರ ನಿನ್ನೆಯ ಬಸ್ಸಿಗೆ ಬಂತು. ಕಂಡಕ್ಟರು ಅಂಗೈಯಗಲದ ಒಂದು ಪೊಟ್ಟಣ ಕೊಟ್ಟ.

"ಪೂರಾ ಓದಿ ಹೇಳಿದ್ನಿರಿ. ಎರಡು ಸಲ ಓದಿಸಿದ್ರು. ನಿಲ್ಲಪ ಅಂತ ಒಳಗ ಹೋಗಿ ಇದನ್ನ ಕಟ್ಟಿ ತಂದು ಕೊಟ್ರು."

ಕಟ್ಟಿದ್ದು ನನ್ನ ಅರ್ಜಿಯಲ್ಲೇ. ಮಾನ್ಯರೇ ಎಂಬುದು ಮೇಲೆ ಕಾಣುತ್ತಿತ್ತು. ಬಿಚ್ಚುವುದಕ್ಕೆ ಮೊದಲೇ ಬೆಲ್ಲದ ಗೋಣಿಚೀಲದ ವಾಸನೆ ಬಂತು. ಹೊಸ ಬೀಜ, ಮೂವತ್ತೆರಡು. ಬಳಗದವರ ಸಹಿಯ ಮೇಲೆಲ್ಲ ಕಂದು ಕಲೆಯಾಗಿದೆ. ಅಕ್ಷರ ಮಾತ್ರ ಎಲ್ಲೂ ಕದಡಿಲ್ಲ.

ಪಡಸಾಲೆಯಿಂದ ನಮ್ಮ ಮನೆಯವರು, ಮತ್ತ ಕರಡಿದೇನು ಅಂದರು. ಹೌದು ಅಂದೆ. ಅವರು ಎದ್ದು ಅಡಿಗೆಮನೆಗೆ ಹೋಗಿ ಹಾಲು ಪಾತ್ರೆಗೆ ಬಗ್ಗಿಸಿ, ಖಾಲಿ ಕವರು ತೊಳೆದು ತಂದು ನನ್ನ ಮುಂದೆ ಇಟ್ಟರು. ಅರ್ಧ ಲೀಟರಿನದೇ.